ಮೊದಲು ನೀರು ಕುಡೀರಿ

ಮಾರ್ಚ್ ೩, ಸೋಮವಾರ

ಊರಿಗೆ ಹೊಸ ಪೊಲೀಸ್ ಸಿನಿಮಾ ಬಂದಿದೆ. ಮೊದಲಿಂದ ಕೊನೆಯವರೆಗೂ ಬರೀ ನಗುವೇ ಇದೆಯಂತೆ. ನಮ್ಮ ಜೀಪ್ ಡ್ರೈವರ್ ನಿನ್ನೆಯೇ ನೋಡಿ ಬಂದು, ಅದರಲ್ಲಿನ ದಪ್ಪ ಪೇದೆಯ ಹಾಗೆ ಹೊಟ್ಟೆ ಮುಂದೆ ಬಿಟ್ಟುಕೊಂಡು ಠಾಣೆ ತುಂಬ ನಡೆದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲವೆಂದು ಅವನಿಗೆ ಮುನಿಸು. ಬೆನ್ನ ಹಿಂದೆ ನನ್ನನ್ನು ಗಂಟುಮೋರೆ ಎಂದು ಕರೆಯುತ್ತಾರೆಂದು ಗೊತ್ತಿತ್ತು. ಇವತ್ತು ಎದುರಿಗೇ ಕರೆದ.

ನಗುವುದಕ್ಕೆ ಏನಿದೆ ಎಂದು ಯಾರಾದರೂ ಹೇಳಲಿ. ಹಿಮ್ಮಡಿ ನೋವಿನ ನೆಪ ಹೇಳಿ ನನ್ನನ್ನು ಗಸ್ತಿನಿಂದ ತೆಗೆದು ದೂರು ಕೌಂಟರಿನ ಹಿಂದೆ ಕೂರಿಸಿದ್ದಾರೆ. ಕಳೆದುಹೋದ ಪರ್ಸು, ಪಕ್ಕದ ಮನೆಯ ನಾಯಿ, ಕುಡಿದು ಬಂದ ಮಗ, ಎಲ್ಲರ ಗೋಳೂ ಮೊದಲು ಬಂದು ಬೀಳುವುದು ನನ್ನ ಮುಂದೆ. ಕೇಳುತ್ತೇನೆ, ಬರೆದುಕೊಳ್ಳುತ್ತೇನೆ. ಹಲ್ಲು ಕಿರಿಯುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ.

ಸಂಜೆ ಇಸ್ತ್ರಿಯವಳು ಬಂದಿದ್ದಳು. ಠಾಣೆಯ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ನಮ್ಮೆಲ್ಲರ ಯೂನಿಫಾರ್ಮ್ ಗರಿಗರಿಯಾಗುವುದು ಅವಳ ಕೈಯಲ್ಲೇ. ಅವಳು ಬಿಟ್ಟು ಬಂದ ಗಂಡ ಈಗ ಹುಡುಕಿಕೊಂಡು ಬಂದು, ದಿನಾ ಸಂಜೆ ಅಂಗಡಿಯ ಎದುರಿನ ದೀಪದ ಕಂಬಕ್ಕೆ ಒರಗಿ ನಿಲ್ಲುತ್ತಾನಂತೆ. ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಹಲ್ಲಿನ ಮಧ್ಯೆ ಕಡ್ಡಿ ಸಿಕ್ಕಿಸಿಕೊಂಡು ಇವಳನ್ನೇ ನೋಡುತ್ತಾ ನಿಲ್ಲುತ್ತಾನೆ. ನಿಂತಿದ್ದಕ್ಕೂ ದೂರು ಬರೆದುಕೊಳ್ಳುತ್ತಾರಾ ಎಂದು ಡ್ರೈವರ್ ಮೂಗು ಮುರಿದ. ನಾನು ಬರೆದುಕೊಂಡೆ. ಡ್ಯೂಟಿ ಮುಗಿದ ಮೇಲೆ ಹಿಮ್ಮಡಿ ಎಳೆದುಕೊಂಡು ಹೋಗಿ, ಅದೇ ಕಂಬದ ಇನ್ನೊಂದು ಪಕ್ಕಕ್ಕೆ ನಾನೂ ನಿಂತೆ. ಅವನು ಸರಿದರೆ ನಾನೂ ಸರಿದೆ. ಒಂದು ಮಾತೂ ಆಡಲಿಲ್ಲ, ಮುಖ ನೋಡಿದೆ ಅಷ್ಟೆ. ಸ್ವಲ್ಪ ಹೊತ್ತಿಗೆ ಬಾಲ ಮುದುರಿಕೊಂಡು ಹೋದ.

ಮನೆಗೆ ಬಂದರೆ ಅತ್ತೆ ಸುದ್ದಿ ಇಟ್ಟುಕೊಂಡು ಕಾಯುತ್ತಿದ್ದರು. ಮಗಳು ಶಾಲೆಯಲ್ಲಿ ತನ್ನ ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ ಎಂದು ಹೇಳಿಕೊಂಡಿದ್ದಾಳಂತೆ. ಊಟಕ್ಕೆ ಕೂತಾಗ ನಾನು ಕೇಳಲಿಲ್ಲ, ಅವಳು ತಲೆ ಎತ್ತಲಿಲ್ಲ. ಅವಳ ಅಪ್ಪ ಲಾರಿ ಹತ್ತಿ ತಿಂಗಳಾನುಗಟ್ಟಲೆ ಊರೂರು ಸುತ್ತುತ್ತಾರೆ, ಅವರ ವಿಷಯ ಮಾತ್ರ ಅವಳು ಎಲ್ಲರಿಗೂ ಜಂಬದಿಂದ ಹೇಳುತ್ತಾಳೆ.

ಮಾರ್ಚ್ ೮, ಶನಿವಾರ

ಸಾಹೇಬರು ಠಾಣೆಯವರನ್ನೆಲ್ಲ ಆ ಸಿನಿಮಾಕ್ಕೆ ಕರೆದುಕೊಂಡು ಹೋದರು. ಬರುವುದಿಲ್ಲ ಎಂದರೆ ಬಿಡಬೇಕಲ್ಲ.

ದಪ್ಪ ಪೇದೆಯ ಬೂಟಿಗೆ ಧೂಳೇ ಹತ್ತುವುದಿಲ್ಲ. ಲಾಕಪ್ಪಿನ ಗೋಡೆಗೆ ತಿಳಿನೀಲಿ ಬಣ್ಣ, ಕಿಟಕಿಯಲ್ಲಿ ಹೂವಿನ ಕುಂಡ. ಇಡೀ ಸಿನಿಮಾದಲ್ಲಿ ಒಬ್ಬರೂ ಒಂದಕ್ಷರ ಬರೆಯುವುದಿಲ್ಲ. ಅಂಥ ಠಾಣೆ ಎಲ್ಲಾದರೂ ಇದ್ದರೆ ನನ್ನನ್ನು ನಾಳೆಯೇ ಅಲ್ಲಿಗೆ ವರ್ಗ ಮಾಡಲಿ. ಯಾರೇ ಅಳುತ್ತಾ ಬರಲಿ, ಪೇದೆ ಜಗ್ಗಿನಿಂದ ನೀರು ಬಗ್ಗಿಸಿ, "ಮೊದಲು ನೀರು ಕುಡೀರಿ, ಆಮೇಲೆ ಇಬ್ರೂ ಕೂತು ಅಳೋಣ" ಎನ್ನುತ್ತಾನೆ. ಬಂದವರು ನಕ್ಕುಬಿಡುತ್ತಾರೆ. ಥಿಯೇಟರೂ ನಗುತ್ತದೆ. ಜಗಳ ಆಡಿಕೊಂಡು ಬಂದ ಗಂಡ ಹೆಂಡತಿಗೂ ಅದೇ ಔಷಧಿ. ಒಂದೇ ಲೋಟದಲ್ಲಿ ಇಬ್ಬರಿಗೂ ಕುಡಿಸಿ, ಕೈಗೆ ಕೈ ಕೊಡಿಸಿ ಕಳಿಸುತ್ತಾನೆ. ಆ ಹೆಂಗಸು ಯಾಕೆ ಬಂದಿದ್ದಳು ಎಂದು ಯಾರೂ ಕೇಳುವುದಿಲ್ಲ.

ನನಗೆ ಸಿಟ್ಟು ತರಿಸಿದ್ದು ಗಡಿಯಾರ ರಿಪೇರಿಯ ಮುದುಕ. ಶುರುವಿನಲ್ಲೇ ಅವನ ಅಂಗಡಿಯಲ್ಲಿ ಕಳ್ಳತನವಾಗುತ್ತದೆ. ಪಾಪ, ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಅಳುತ್ತಾನೆ. ಆಮೇಲೆ ಸಿನಿಮಾ ಪೂರ್ತಿ ಕಳ್ಳನ ಹಿಂದೆ ಓಟ. ಕಳ್ಳ ಸಿಗುತ್ತಾನೆ, ಎಲ್ಲರೂ ಕುಣಿಯುತ್ತಾರೆ, ಮುಗಿಯಿತು. ಮುದುಕ ಮತ್ತೆ ಬರುವುದೇ ಇಲ್ಲ. ಅವನ ಗಡಿಯಾರಗಳು ಅವನಿಗೆ ಸಿಕ್ಕವೋ ಇಲ್ಲವೋ ತಿಳಿಯಲೆಂದು ನಾನು ಹೆಸರುಗಳು ಓಡುವವರೆಗೂ ಕಾದೆ. ಹೊರಗೆ ಬಂದು ಕೇಳಿದರೆ, ಯಾವ ಮುದುಕ ಮೇಡಂ ಎಂದು ನನ್ನನ್ನೇ ಕೇಳಿದರು.

ಒಂದು ಕಡೆ ಮಾತ್ರ ನಗು ಬಂತು, ಸುಳ್ಳು ಯಾಕೆ ಹೇಳಲಿ. ಓಡಿ ಓಡಿ ಸುಸ್ತಾಗಿ ಪೇದೆಯೂ ಕಳ್ಳನೂ ಒಂದೇ ಕಲ್ಲುಬೆಂಚಿನ ಎರಡು ತುದಿಗೆ ಕುಸಿದು ಕೂರುತ್ತಾರೆ. ನಿನ್ನ ಬೂಟಿನ ದಾರ ಬಿಚ್ಚಿದೆ ಎಂದು ಕಳ್ಳ ತೋರಿಸುತ್ತಾನೆ. ಪೇದೆ ಕಟ್ಟಿಕೊಳ್ಳುವವರೆಗೂ ಕಾದು, ಆಮೇಲೆ ಎದ್ದು ಓಡುತ್ತಾನೆ. ಆ ಏದುಸಿರು ಸುಳ್ಳಲ್ಲ. ಓಡಿಸಿಕೊಂಡು ಹೋದವರಿಗೆ ಅದು ಗೊತ್ತು.

ಮಾರ್ಚ್ ೧೪, ಶುಕ್ರವಾರ

ಗಂಡ ಈ ವಾರ ಕಂಬದ ಹತ್ತಿರ ಸುಳಿದಿಲ್ಲ ಎಂದು ಇಸ್ತ್ರಿಯವಳು ಹೇಳಿದಳು. "ಅಕ್ಕ, ನಿಮ್ಮ ಮುಖ ನೋಡೇ ಅವನಿಗೆ ಗಂಟಲು ಒಣಗಿರತ್ತೆ," ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ನನ್ನ ಮುಖವನ್ನು ಹೊಗಳಿದವರು ಇವಳೊಬ್ಬಳೇ ಇರಬೇಕು. ಆದರೂ ಸಂಜೆ ಆ ಬೀದಿಯಲ್ಲಿ ಹಾದೇ ಮನೆಗೆ ಬರುತ್ತೇನೆ.

ರಾತ್ರಿ ಮಗಳು ತಾನಾಗಿಯೇ ಪಕ್ಕಕ್ಕೆ ಬಂದು ಕೂತಳು. ಆ ಸಿನಿಮಾ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಇದೆಯಂತೆ. ನಿಮ್ಮ ಠಾಣೆಯೂ ಹಾಗೇನಾ ಎಂದು ಕೇಳಿದಳು. ಇಲ್ಲ ಎನ್ನುವ ಮಾತು ತುದಿನಾಲಿಗೆಯವರೆಗೆ ಬಂತು. ಅವಳ ಕಣ್ಣು ನೋಡಿ, ಸುಮಾರಾಗಿ ಹಾಗೇ ಎಂದೆ.

ಮಾರ್ಚ್ ೨೨, ಶನಿವಾರ

ಮಗಳನ್ನು ಕರೆದುಕೊಂಡು ಮತ್ತೊಮ್ಮೆ ಸಿನಿಮಾ ನೋಡಿದೆ. ಎಷ್ಟು ವರ್ಷವಾಯಿತೋ ನಾವಿಬ್ಬರೂ ಹೀಗೆ ಜೊತೆಯಾಗಿ ಹೊರಗೆ ಹೋಗಿ. ಬೆಂಚಿನ ದೃಶ್ಯ ಬಂದಾಗ ನಾನು ನಕ್ಕೆ, ನನ್ನನ್ನು ನೋಡಿ ಅವಳು ನಕ್ಕಳು, ಅವಳನ್ನು ನೋಡಿ ನನಗೆ ಮತ್ತೆ ನಗು. ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು. ಕತ್ತಲಲ್ಲಿ ನನ್ನ ಭುಜಕ್ಕೆ ತಲೆ ಇಟ್ಟಳು. ಎರಡನೇ ಸಲಕ್ಕೆ ಸಿನಿಮಾ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಪೇದೆ ಒಳ್ಳೆಯವನು. ಜನ ಎರಡು ಗಳಿಗೆ ಹಗುರಾಗಿ ಮನೆಗೆ ಹೋಗುತ್ತಾರೆ, ಅದೇನು ಸಣ್ಣ ಮಾತೇ?

ಬಸ್ಸಿನಲ್ಲಿ ಮಗಳು, "ಅಮ್ಮ, ಆ ಗಡಿಯಾರದ ತಾತ ಏನಾದ್ರು?" ಎಂದಳು.

"ಅವರಿಗೆ ಅವರ ಗಡಿಯಾರ ಸಿಕ್ಕಿರತ್ತೆ ಬಿಡು. ಅದನ್ನೆಲ್ಲ ತೋರಿಸ್ತಾ ಕೂತ್ರೆ ಸಿನಿಮಾ ಎಳೆಯತ್ತೆ," ಎಂದೆ.

ಮಧ್ಯಾಹ್ನ ಇಸ್ತ್ರಿಯವಳು ಹೇಳಿ ಕಳಿಸಿದ್ದಳು, ಅವನು ಮತ್ತೆ ಬಂದಿದ್ದಾನೆ, ಸಂಜೆ ಒಂದು ಸಲ ಈ ಕಡೆ ಬರುತ್ತೀರಾ ಎಂದು. ಟಿಕೆಟ್ ತೆಗೆದುಬಿಟ್ಟಿದ್ದೆ. ಒಂದು ಸಂಜೆ ತಾನೆ.

ಮಾರ್ಚ್ ೩೦, ಭಾನುವಾರ

ಭಾನುವಾರವೂ ಡ್ಯೂಟಿ. ಥಿಯೇಟರಿನವರು ದಪ್ಪ ಪೇದೆಯ ಆಳೆತ್ತರದ ಕಟೌಟ್ ಕೊಟ್ಟಿದ್ದಾರೆ. ಸಾಹೇಬರು ಅದನ್ನು ಠಾಣೆಯ ಬಾಗಿಲಲ್ಲೇ ನಿಲ್ಲಿಸಿದ್ದಾರೆ. ಕೈಯಲ್ಲಿ ಲೋಟ, ಕೆಳಗೆ ದೊಡ್ಡ ಅಕ್ಷರದಲ್ಲಿ ಅದೇ ಮಾತು. ಜನಕ್ಕೆ ಪೊಲೀಸರೆಂದರೆ ಭಯ ಹೋಗಬೇಕು, ಇನ್ನು ಮೇಲೆ ಯಾರೇ ಬಂದರೂ ಮೊದಲು ನೀರು, ಆಮೇಲೆ ವಿಚಾರಣೆ ಎಂದು ಅಪ್ಪಣೆ ಮಾಡಿದರು. ಜಗ್ಗು, ಲೋಟ ನನ್ನ ಕೌಂಟರಿಗೆ ಬಂದವು. ಗಂಟುಮೋರೆಯ ಕೈಯಲ್ಲಿ ಜಗ್ಗು ಕೊಟ್ಟರೆ ನೀರೂ ಹುಳಿಯಾಗುತ್ತದೆ ಎಂದು ಡ್ರೈವರ್. ಇವನಿಗೊಂದು ದಿನ ಇದೆ.

ಏಪ್ರಿಲ್ ೪, ಶುಕ್ರವಾರ

ಇವತ್ತಿನದು ಬರೆದಿಡಲೇಬೇಕು. ಮಗಳು ಶಾಲೆಯಲ್ಲಿ ನಿಜ ಹೇಳಿದ್ದಾಳೆ! ಬ್ಯಾಂಕು ಗೀಂಕು ಎಲ್ಲ ಸುಳ್ಳು, ನಮ್ಮಮ್ಮ ಪೊಲೀಸ್ ಎಂದಿದ್ದಾಳೆ. ಅವಳ ಟೀಚರ್ ಫೋನ್ ಮಾಡಿ, ಯೂನಿಫಾರ್ಮಿನಲ್ಲಿ ಬಂದು ಮಕ್ಕಳ ಹತ್ತಿರ ಮಾತಾಡಿ ಎಂದು ಕರೆದಿದ್ದರು.

ಬೆಳಗ್ಗೆ ಇಸ್ತ್ರಿಯವಳು ನನ್ನ ಶರ್ಟನ್ನು ಎರಡು ಸಲ ತೀಡಿದಳು. ಮಕ್ಕಳ ಮುಂದೆ ನಿಲ್ಲುವವರು ನೆಟ್ಟಗಿರಬೇಕು ಅಕ್ಕ ಎಂದು ಕಾಲರನ್ನು ತಾನೇ ಸರಿಮಾಡಿದಳು. ಏನೋ ಹೇಳಲು ಬಾಯಿ ತೆರೆದಳು. ನನಗೆ ಹೊತ್ತಾಗಿತ್ತು, ಸಂಜೆ ಸಿಗುತ್ತೇನೆ ಎಂದು ಹೊರಟೆ.

ಗಸ್ತು ಹೇಗೆ ನಡೆಯುತ್ತದೆ, ರಸ್ತೆಯಲ್ಲಿ ಒಬ್ಬರೇ ಆದಾಗ ಏನು ಮಾಡಬೇಕು ಎಂದೆಲ್ಲ ಹೇಳಲು ಸಿದ್ಧಮಾಡಿಕೊಂಡು ಹೋಗಿದ್ದೆ. ಮಕ್ಕಳು ಆಕಳಿಸಿದವು. ಕೊನೆಗೆ ಮೇಜಿನ ಮೇಲಿದ್ದ ಬಾಟಲಿ ಎತ್ತಿ, ಮೊದಲು ನೀರು ಕುಡೀರಿ ಎಂದೆ. ಇಡೀ ಕ್ಲಾಸು ಒಂದೇ ಬಾಯಲ್ಲಿ ಉಳಿದ ಮಾತನ್ನು ಪೂರ್ತಿ ಮಾಡಿತು. ಮೊದಲ ಬೆಂಚಿನಲ್ಲಿ ಮಗಳ ಮುಖ ಅರಳಿದ್ದು ನೋಡಬೇಕಿತ್ತು. ಮನೆಗೆ ಬರುವಾಗ ಎಲ್ಲರೆದುರು ನನ್ನ ಕೈ ಹಿಡಿದುಕೊಂಡಿದ್ದಳು. ಹಾಗೇ ನಡೆದುಕೊಂಡು ಬಂದೆವು, ಇಸ್ತ್ರಿ ಅಂಗಡಿಯ ದಾರಿ ಹಿಡಿಯಲಿಲ್ಲ.

ಏಪ್ರಿಲ್ ೧೦, ಗುರುವಾರ

ಜಗ್ಗಿನ ಮಹಿಮೆ ದೊಡ್ಡದು. ಸೈಕಲ್ ಕಳೆದುಕೊಂಡು ಕೂಗಾಡುತ್ತಾ ಬಂದ ಒಬ್ಬ ಮಾಸ್ತರು ನೀರು ಕುಡಿದು, ನಕ್ಕು, ಹೋಗಲಿ ಬಿಡಿ ಮೇಡಂ ಹಳೇ ಸೈಕಲ್ಲು ಎಂದು ಹೊರಟೇಹೋದರು. ಮೊದಲಾಗಿದ್ದರೆ ಅದಕ್ಕೆ ಅರ್ಧ ದಿನ ಹೋಗುತ್ತಿತ್ತು. ಕಟೌಟಿನ ಜೊತೆ ಫೋಟೋ ತೆಗೆಸಿಕೊಳ್ಳಲು ಬರುವವರೇ ಈಗ ಹೆಚ್ಚು.

ಅಂಥ ಗುಂಪಿನ ನಡುವೆಯೇ ಇಸ್ತ್ರಿಯವಳು ಬಂದಳು. ಕಾಲೇಜಿನ ಹುಡುಗಿಯರು ನಗುತ್ತಾ ನಿಂತಿದ್ದರಿಂದ ಅವಳು ಗೋಡೆ ಹಿಡಿದು ಕಾದಳು. ನಾನು ನೀರು ಬಗ್ಗಿಸಿ ಕೈಗೆ ಕೊಟ್ಟು ಆ ಮಾತು ಹೇಳಿದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಎಲ್ಲರೂ ತನ್ನನ್ನೇ ನೋಡುತ್ತಿದ್ದರಿಂದಲೋ ಏನೋ, ಅವಳೂ ನಕ್ಕಳು.

ಆಮೇಲೆ ಮೆಲ್ಲಗೆ ಹೇಳಿದಳು. ಅವನು ಈಗ ಕಂಬ ಬಿಟ್ಟು ಅಂಗಡಿಯೊಳಕ್ಕೇ ಬರುತ್ತಾನಂತೆ. ನಿನ್ನೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಭಾರ ನೋಡಿ, ಮತ್ತೆ ಕೆಳಗಿಟ್ಟು ಹೋದನಂತೆ. "ಬರ್ಕೊಳ್ಳಿ ಅಕ್ಕ, ನಂಗೆ ಭಯ ಆಗತ್ತೆ," ಎಂದಳು. ಇಸ್ತ್ರಿಪೆಟ್ಟಿಗೆ ಎತ್ತಿದ್ದಕ್ಕೆ ದೂರು ಬರೆದುಕೊಂಡರೆ ನಾಳೆ ಲೋಟ ಎತ್ತಿದವನ ಮೇಲೂ ಬರೆಯಬೇಕಾಗುತ್ತದೆ. ಪಾಪದವಳು, ಒಂಟಿಯಾಗಿದ್ದು ಇದ್ದು ಇಲ್ಲದ್ದನ್ನೆಲ್ಲ ಯೋಚಿಸುತ್ತಾಳೆ. ಸಾಹೇಬರ ಕಿವಿಗೆ ಹಾಕುತ್ತೇನೆ ಎಂದು ಸಮಾಧಾನ ಮಾಡಿದೆ. ಹಾಕಿದೆ ಕೂಡ. ಇಬ್ಬರನ್ನೂ ಕರೆಸಿ, ನಗುನಗುತ್ತಾ ಮುಗಿಸೋಣ ಎಂದರು.

ಏಪ್ರಿಲ್ ೧೬, ಬುಧವಾರ

ರಾಜಿ ಸುಗಮವಾಗಿ ನಡೆಯಿತು.

ಅವನು ನೀಟಾಗಿ ತಲೆ ಬಾಚಿಕೊಂಡು ಬಂದಿದ್ದ. ಇವಳು ಮೂಲೆಯ ಕುರ್ಚಿಯಿಂದ ಏಳಲೇ ಇಲ್ಲ, ನಾನೇ ರಟ್ಟೆ ಹಿಡಿದು ಎಬ್ಬಿಸಿ ಕಟೌಟಿನ ಮುಂದೆ ತಂದು ನಿಲ್ಲಿಸಿದೆ. ಸಿನಿಮಾದ ಹಾಗೆಯೇ ಒಂದೇ ಲೋಟ. ಅವನು ಅರ್ಧ ಕುಡಿದು ಇವಳ ಕೈಗೆ ಕೊಟ್ಟ. ಇವಳು ತುಟಿಗಿಡುವಷ್ಟರಲ್ಲಿ ನೀರೆಲ್ಲ ಎದೆಯ ಮೇಲೆ ಚೆಲ್ಲಿಕೊಂಡಳು. ಹೊಸ ಮದುಮಗಳ ನಾಚಿಕೆ ಎಂದು ಡ್ರೈವರ್ ಅಂದದ್ದಕ್ಕೆ ಎಲ್ಲರೂ ನಕ್ಕರು. ಅವಳೂ ನಕ್ಕಳು, ನಾನು ನೋಡಿದ್ದೇನೆ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಗಂಡ. ಸಾಹೇಬರು ಫೋಟೋ ತೆಗೆಸಿದರು.

ಹೋಗುವಾಗ ಅವನು ನನ್ನ ಹತ್ತಿರ ಬಂದು, "ಮೇಡಂ, ಆವತ್ತು ಕಂಬದ ಹತ್ರ ನಿಮ್ಮನ್ನ ನೋಡಿ ನಿಜವಾಗ್ಲೂ ಹೆದರಿಬಿಟ್ಟಿದ್ದೆ. ಈಗ ನೋಡಿದ್ರೆ ನೀವು ಎಷ್ಟು ಒಳ್ಳೇವರು," ಎಂದ. ಕೆಟ್ಟವನಲ್ಲ, ಮಾತು ಬಲ್ಲವನು. ಅವಳು ಬರುತ್ತೇನೆ ಮೇಡಂ ಎಂದಳು. ಒದ್ದೆ ಬಟ್ಟೆಯಲ್ಲಿ ಮುಜುಗರ ಆಗಿರಬೇಕು, ಬೇಗ ಬೇಗ ಹೊರಟಳು. ಅವನು ಅವಳ ಹಿಂದೆ ಹೋದ.

ಏಪ್ರಿಲ್ ೨೫, ಶುಕ್ರವಾರ

ನಗುಮೊಗದ ಸೇವೆ ಎಂದು ನನಗೊಂದು ಪ್ರಶಸ್ತಿಪತ್ರ! ಮೇಲಧಿಕಾರಿಗಳೇ ಬಂದು ಕೊಟ್ಟರು. ನಮ್ಮ ಠಾಣೆಯಲ್ಲಿ ದೂರುಗಳು ಅರ್ಧಕ್ಕರ್ಧ ಇಳಿದಿವೆ, ಊರಿಗೆ ಊರೇ ನೆಮ್ಮದಿಯಾಗಿದೆ ಎಂದು ಬೆನ್ನು ತಟ್ಟಿದರು. ಡ್ರೈವರ್ ಈಗ ಗಂಟುಮೋರೆ ಎನ್ನುವುದಿಲ್ಲ. ಮಗಳು ಪ್ರಶಸ್ತಿಪತ್ರವನ್ನು ತನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಇವಳು ಇಣುಕಿದರೆ ಹಾಲು ಒಡೆಯುತ್ತಿತ್ತು, ಈಗ ನೋಡು ಎಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು.

ಇಂಥ ದಿನವೇ ಯೂನಿಫಾರ್ಮ್ ಕೆಟ್ಟುಹೋಗಬೇಕೆ? ಒಂದೇ ತೋಳಿಗೆ ಎರಡು ಮಡಿಕೆ, ಜೇಬಿನ ಹತ್ತಿರ ಕಂದು ಕಲೆ. ಇಸ್ತ್ರಿಯವಳ ಗಮನ ಎಲ್ಲಿರುತ್ತದೋ. ಹೋಗಿ ಕೇಳೋಣವೆಂದರೆ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಗಂಡ ಇಸ್ತ್ರಿ ಮಾಡುವ ಮಣೆಯ ಮೇಲೆ ಕೂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಗೋಣು ಆಡಿಸಿ ನಕ್ಕ. ಅವಳು ತಲೆ ಎತ್ತಲಿಲ್ಲ. ಒಂದಾಗಿದ್ದಾರಲ್ಲ ಎಂದುಕೊಂಡು ಸುಮ್ಮನೆ ಬಂದೆ.

ಮೇ ೨, ಶುಕ್ರವಾರ

ಇಸ್ತ್ರಿಯವಳ ಬಲಗೈಯನ್ನು ಗಂಡ ಸುಟ್ಟಿದ್ದಾನೆ. ಅವಳ ಇಸ್ತ್ರಿಪೆಟ್ಟಿಗೆಯಿಂದಲೇ. ಪಕ್ಕದ ಚಪ್ಪಲಿ ಅಂಗಡಿಯವನು ಬಾಗಿಲು ಒಡೆದು ಬಿಡಿಸಿದನಂತೆ. ಗಂಡನನ್ನು ಹಿಡಿದು ತಂದು ಲಾಕಪ್ಪಿನಲ್ಲಿ ಕೂರಿಸಿದ್ದಾರೆ.

ಠಾಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸಾಹೇಬರು ರಾಜಿಯ ಫೋಟೋವನ್ನು ಗೋಡೆಯಿಂದ ತೆಗೆಸಿದರು. ಅವಳು ಮುಂಚೆ ದೂರು ಕೊಟ್ಟಿದ್ದಳೇ ಎಂದು ನನ್ನನ್ನು ಕೇಳಿದರು. ಮಾರ್ಚಿನಲ್ಲಿ ಒಂದು ಬರೆದುಕೊಂಡಿದ್ದೇನೆ, ಆಮೇಲಿನದು ಬಾಯಿಮಾತು ಎಂದೆ. ನಾನು ಮಾಡಿದ್ದಾದರೂ ಏನು? ಕರೆಸಿ ಕೂರಿಸಿದ್ದು ಸಾಹೇಬರು. ರಾಜಿಯ ದಿನ ಅವಳೂ ನಕ್ಕಿದ್ದಳಲ್ಲ. ಇಷ್ಟವಿಲ್ಲದಿದ್ದರೆ ಯಾಕೆ ನಗಬೇಕಿತ್ತು?

ಮಗಳು ರಾತ್ರಿ ಎರಡು ಸಲ ಏನಾಯಿತಮ್ಮ ಎಂದು ಕೇಳಿದಳು. ತಲೆನೋವು ಎಂದೆ.

ಮೇ ೩, ಶನಿವಾರ

ಆಸ್ಪತ್ರೆಗೆ ಹೋಗಿ ಹೇಳಿಕೆ ತೆಗೆದುಕೊಳ್ಳಲು ಸಾಹೇಬರು ನನ್ನನ್ನೇ ಕಳಿಸಿದರು. ನಿಮ್ಮ ಮುಖ ನೋಡಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದರು.

ಹೆಂಗಸರ ವಾರ್ಡಿನ ಕೊನೆಯ ಮಂಚ. ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜು ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ಆ ಕೈ ಮತ್ತೆ ಇಸ್ತ್ರಿ ಹಿಡಿಯುವುದು ಕಷ್ಟ ಎಂದು ನರ್ಸ್ ಹೊರಗೇ ಹೇಳಿದ್ದಳು. ನಾನು ಸ್ಟೂಲ್ ಎಳೆದು ಕೂತೆ. ಅವಳು ಗೋಡೆ ನೋಡುತ್ತಿದ್ದಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದ ಮೇಜಿನ ಮೇಲೆ ಜಗ್ಗು ಇತ್ತು. ಕೈ ತಾನಾಗಿ ಹೋಯಿತು, ಲೋಟಕ್ಕೆ ಬಗ್ಗಿಸಿ ಅವಳ ಬಾಯಿಯ ಹತ್ತಿರ ಹಿಡಿದೆ.

"ನೀರು ಬೇಡ ಮೇಡಂ," ಎಂದಳು. "ಬರ್ಕೊಳ್ಳಿ."

ಲೋಟ ಕೆಳಗಿಟ್ಟು ಬರೆದುಕೊಂಡೆ. ಕಂಬದಿಂದ ಶುರುಮಾಡಿದಳು. ಹಲ್ಲಿನ ಕಡ್ಡಿ, ಅಂಗಡಿಯೊಳಗೆ ಕಾಲಿಟ್ಟಿದ್ದು, ಇಸ್ತ್ರಿಪೆಟ್ಟಿಗೆ ಎತ್ತಿ ಭಾರ ನೋಡಿದ್ದು, ರಾಜಿಯಾದ ಸಂಜೆಯಿಂದ ಅವನು ಅಲ್ಲೇ ಉಳಿದದ್ದು. ಎಲ್ಲಿಯೂ ತಡವರಿಸಲಿಲ್ಲ, ಅಳಲಿಲ್ಲ. ಕೈಯನ್ನು ಮಣೆಗೆ ಒತ್ತಿ ಹಿಡಿದು ಪೆಟ್ಟಿಗೆ ಇಟ್ಟಾಗ ಅವನು ನಗುತ್ತಾ ಹೇಳಿದ ಮಾತನ್ನೂ ಹಾಗೇ ಬರೆದುಕೊಳ್ಳಿ ಎಂದಳು. "ನೀರು ಕುಡಿದಾಯ್ತಲ್ಲ, ಈಗ ಅಳು."

ಹಾಗೇ ಬರೆದುಕೊಂಡೆ. ಬಲಗೈಯಿಂದ ಸಹಿ ಹಾಕಲು ಆಗದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿದೆ. ಅವನ ಆ ಒಂದು ಮಾತನ್ನೂ ರಾಜಿಯ ಮೇಲಿನ ದಿನಗಳನ್ನೂ ಬಿಟ್ಟರೆ, ಅವಳು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.